ಹೈಸ್ಕೂಲಿಗೆ ಬನ್ನಿ

ಕೇಳುಗರಿಗೆ ನಮಸ್ಕಾರ.

ಡಿಗ್ರಿ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವ ಹುಡುಗ ಹುಡುಗಿಯರೇ, ಇವತ್ತಿನ ಮಾತು ನಿಮಗೆ. ಅದರಲ್ಲೂ ಟೀಚರ್ ಆಗಬೇಕು ಅನ್ನುವ ಆಸೆ ಇರುವವರು ಸ್ವಲ್ಪ ಹತ್ತಿರ ಬಂದು ಕೇಳಿ. ನಾನು ಹೇಳುವುದು ಒಂದೇ ಮಾತು. ವಿಶೇಷ ಶಿಕ್ಷಕರಾಗಿ, ಹೈಸ್ಕೂಲಿಗೆ ಬನ್ನಿ.

ಓದುವುದರಲ್ಲಿ, ಲೆಕ್ಕದಲ್ಲಿ, ಗಮನ ಇಡುವುದರಲ್ಲಿ ತೊಂದರೆ ಇರುವ ಮಕ್ಕಳಿರುತ್ತಾರೆ. ಕಣ್ಣು ಕಾಣದವರು, ಕಿವಿ ಕೇಳದವರು, ಆಟಿಸಂ ಇರುವವರು ಇರುತ್ತಾರೆ. ಇವರಿಗೆ ಒಗ್ಗುವ ರೀತಿಯಲ್ಲಿ ಕಲಿಸುವವರೇ ವಿಶೇಷ ಶಿಕ್ಷಕರು. ಈ ಕೆಲಸಕ್ಕೆ ಬರಬೇಕು ಅನ್ನುವವರಲ್ಲಿ ಬಹಳ ಜನ ಪುಟ್ಟ ಮಕ್ಕಳ ಕಡೆಗೇ ನೋಡುತ್ತಾರೆ. ಚಿಕ್ಕವರಿದ್ದಾಗ ಕಲಿಸಿದರೆ ಸರಿ, ಹದಿನಾಲ್ಕು ಹದಿನೈದು ವರ್ಷ ಆದ ಮೇಲೆ ತಡವಾಯಿತು, ಇನ್ನೇನು ಮಾಡೋಕಾಗುತ್ತೆ ಅನ್ನುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬೇಗ ಶುರು ಮಾಡಿದರೆ ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಚಿಕ್ಕ ವಯಸ್ಸಿನಲ್ಲಿ ಯಾರ ಕಣ್ಣಿಗೂ ಬೀಳದ ಮಗು ಮುಂದೆ ಎಲ್ಲಿಗೆ ಹೋಗುತ್ತೆ? ಹೈಸ್ಕೂಲಿಗೇ ಬರುತ್ತೆ, ಅಲ್ವಾ?

ಇದಕ್ಕೆ ನಾನು ಯಾವಾಗಲೂ ಹೇಳುವ ಒಂದು ಸಂಗತಿ ಇದೆ. 1896ರ ಮಾತು. ಇಂಗ್ಲೆಂಡಿನ ಕಡಲ ತೀರದಲ್ಲಿ ಸೀಫರ್ಡ್ ಅಂತ ಊರು. ಅಲ್ಲಿ ಪ್ರಿಂಗಲ್ ಮಾರ್ಗನ್ ಅಂತ ಒಬ್ಬ ಡಾಕ್ಟರ್ ಇದ್ದರು. ಅವರು ಆ ವರ್ಷದ ನವೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಒಂದು ಪುಟ್ಟ ಲೇಖನ ಬರೆದರು. ಪರ್ಸಿ ಅನ್ನುವ ಹುಡುಗನ ಬಗ್ಗೆ. ವಯಸ್ಸು ಹದಿನಾಲ್ಕು, ಅಂದರೆ ನಮ್ಮ ಹೈಸ್ಕೂಲ್ ವಯಸ್ಸು. ಚುರುಕು ಹುಡುಗ, ಆಟದಲ್ಲಿ ಯಾರಿಗೂ ಕಮ್ಮಿ ಇಲ್ಲ. ಕಣ್ಣು ಚೆನ್ನಾಗಿದೆ. ಏಳನೇ ವಯಸ್ಸಿನಿಂದ ಶಾಲೆ, ಮನೆಪಾಠ ಎಲ್ಲ ಆಗಿದೆ. ಆದರೂ ಓದಲು ಬರುವುದಿಲ್ಲ. ಚಿಕ್ಕ ಮಕ್ಕಳ ಪುಸ್ತಕದ ಒಂದು ಸುಲಭ ವಾಕ್ಯ ಕೊಟ್ಟರೆ, ಇಂಗ್ಲಿಷಿನಲ್ಲಿ ಪದೇ ಪದೇ ಬರುವ ಪುಟಾಣಿ ಪದಗಳನ್ನು ಬಿಟ್ಟು ಬೇರೆ ಒಂದನ್ನೂ ಸರಿಯಾಗಿ ಓದಲಿಲ್ಲ. ತನ್ನ ಹೆಸರನ್ನೇ ಅಕ್ಷರ ಆಚೀಚೆ ಮಾಡಿ 'ಪ್ರೆಸಿ' ಅಂತ ಬರೆದ. ತಪ್ಪಾಗಿದೆ ನೋಡು ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳುವ ತನಕ ಅವನಿಗೆ ಅದು ಕಾಣಲೇ ಇಲ್ಲ.

ಇದೇ ಹುಡುಗನಿಗೆ 749ನ್ನು 867ರಿಂದ ಗುಣಿಸು ಅಂದರೆ ಬೇಗಬೇಗನೆ ಸರಿಯಾಗಿ ಮಾಡಿ ಮುಗಿಸಿದ! ಲೆಕ್ಕ ಅಂದರೆ ಇಷ್ಟ ಅಂತಲೂ ಹೇಳಿದ. ಅವನಿಗೆ ಹಲವು ವರ್ಷ ಪಾಠ ಮಾಡಿದ ಮೇಷ್ಟ್ರು ಏನಂದರು ಗೊತ್ತಾ? ಪಾಠ ಎಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಅಂದರು.

ಈ ಮಾತು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ಆ ಮೇಷ್ಟ್ರಿಗೆ ಹುಡುಗನ ಬುದ್ಧಿ ಗೊತ್ತಿತ್ತು. ಬುದ್ಧಿ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಎರಡೂ ಗೊತ್ತಿತ್ತು. ಮುಂದೆ ಏನು ಮಾಡಬೇಕು ಅಂತ ಹೇಳಿಕೊಡುವವರು ಮಾತ್ರ ಆ ಕಾಲದಲ್ಲಿ ಇರಲಿಲ್ಲ. ಇವತ್ತು ನಾವು ಡಿಸ್ಲೆಕ್ಸಿಯ ಅನ್ನುವ ತೊಂದರೆಯನ್ನು ಮಾರ್ಗನ್ ಅಷ್ಟು ಹಿಂದೆಯೇ ಬರೆದಿಟ್ಟರು. ಹದಿನಾಲ್ಕು ವರ್ಷದ ಹುಡುಗನನ್ನು ನೋಡಿ ಬರೆದರು, ನೆನಪಿಡಿ. ಆ ಮೇಷ್ಟ್ರು ಆಸೆಪಟ್ಟದ್ದು ಇವತ್ತು ಎಷ್ಟೋ ಕಡೆ ನಿಯಮದಲ್ಲೇ ಇದೆ. ಪ್ರಶ್ನೆಪತ್ರಿಕೆ ಓದಿ ಹೇಳುವವರು, ಉತ್ತರ ಬರೆದುಕೊಡುವವರು, ಹೆಚ್ಚಿನ ಸಮಯ, ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರ್. ಇದೆಲ್ಲ ಯಾವ ಮಗುವಿಗೆ ಬೇಕು ಅಂತ ಗುರುತಿಸಿ, ಕೊಡಿಸಿ, ಬಳಸುವುದನ್ನು ಕಲಿಸಲು ಒಬ್ಬರು ಬೇಕಲ್ಲ, ಅವರು ನೀವು.

ಪರ್ಸಿಯಂಥವರು ಇವತ್ತೂ ಹೈಸ್ಕೂಲಿನಲ್ಲಿ ಇದ್ದಾರೆ, ಆದರೆ ಥಟ್ಟನೆ ಸಿಗುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅವರು ಬಚ್ಚಿಟ್ಟುಕೊಳ್ಳುವುದನ್ನು ಚೆನ್ನಾಗಿ ಕಲಿತಿರುತ್ತಾರೆ. ಗಟ್ಟಿಯಾಗಿ ಓದುವ ಸರದಿ ಹತ್ತಿರ ಬಂದಾಗ ಒಬ್ಬ ಟಾಯ್ಲೆಟ್‌ಗೆ ಹೋಗಬೇಕು ಅನ್ನುತ್ತಾನೆ. ಇನ್ನೊಬ್ಬ ಬೇಕಂತಲೇ ಗಲಾಟೆ ಮಾಡಿ ಕ್ಲಾಸಿನಿಂದ ಹೊರಗೆ ಹಾಕಿಸಿಕೊಳ್ಳುತ್ತಾನೆ, ಪೆದ್ದ ಅನ್ನಿಸಿಕೊಳ್ಳುವುದಕ್ಕಿಂತ ಪೋಕರಿ ಅನ್ನಿಸಿಕೊಳ್ಳುವುದು ವಾಸಿ ಅಂತ. ಸೋಮಾರಿ ಅಂತ ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಿ ನಿಂತಿದ್ದಾನೆ ಅಂತ ಹುಡುಕಿ.

ಹುಡುಕಿದ ಮೇಲೆ ಒಂದು ಎಚ್ಚರ. ಓದಲು ಬಾರದ ಹದಿನೈದರ ಹುಡುಗಿಗೆ ಬೆಕ್ಕಿನ ಮರಿಯ ಚಿತ್ರ ಇರುವ ಪುಸ್ತಕ ಕೊಡಬೇಡಿ. ಅವಳಿಗೆ ಅವಮಾನ ಆಗುತ್ತೆ. ವಾಕ್ಯ ಚಿಕ್ಕದಿರಲಿ, ವಿಷಯ ಅವಳ ವಯಸ್ಸಿನದಿರಲಿ. ಎಲ್ಲರೆದುರು ಹೆಸರು ಕೂಗಿ ಬೇರೆ ಕೋಣೆಗೆ ಕರೆದುಕೊಂಡು ಹೋಗಲೂಬೇಡಿ. ಈ ವಯಸ್ಸಿನಲ್ಲಿ ಗೆಳೆಯರ ಮುಂದೆ ತಲೆ ತಗ್ಗಿಸುವಂತಾದರೆ ಆ ಮಗು ನಾಳೆ ನಿಮ್ಮ ಹತ್ತಿರ ಬರುವುದೇ ಇಲ್ಲ.

ಸಮಯ ಕಮ್ಮಿ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬ ಟೀಚರ್. ಗಣಿತದವರು, ವಿಜ್ಞಾನದವರು, ಭಾಷೆಯವರು, ಎಲ್ಲರ ಹತ್ತಿರವೂ ನೀವು ಮಾತಾಡಬೇಕು, ಕೆಲವೊಮ್ಮೆ ಒಂದೇ ಕ್ಲಾಸಿನಲ್ಲಿ ಇಬ್ಬರೂ ಸೇರಿ ಪಾಠ ಮಾಡಬೇಕು. ಒಂದೊಂದು ಮಗುವಿಗೂ ಬೇರೆ ಬೇರೆ ಯೋಜನೆ ಬರೆಯಬೇಕು. ಈಗ ಏನು ಬರುತ್ತದೆ, ವರ್ಷದ ಕೊನೆಗೆ ಏನು ಬರಬೇಕು, ಅದನ್ನು ಹೇಗೆ ಅಳೆಯುತ್ತೇವೆ, ಎಲ್ಲ ಅದರಲ್ಲಿರಬೇಕು. ಬರೆಯುವ ಕೆಲಸ ಜಾಸ್ತಿ, ಹೌದು. ಆ ಯೋಜನೆ ಮಾಡುವಾಗ ಅಪ್ಪ ಅಮ್ಮನ ಜೊತೆ ಮಗುವನ್ನೂ ಕೂರಿಸಿ ಕೇಳಿ. ಶಾಲೆ ಮುಗಿದ ಮೇಲೆ ಏನಾಗಬೇಕು ಅಂತಿದ್ದೀಯ ಅಂತ ಕೇಳಿ. ಕಾಲೇಜು, ಕೈಕೆಲಸ, ಒಬ್ಬನೇ ಬಸ್ಸಿನಲ್ಲಿ ಓಡಾಡುವುದು, ತನ್ನ ದುಡ್ಡು ತಾನೇ ನೋಡಿಕೊಳ್ಳುವುದು, ಇದಕ್ಕೆಲ್ಲ ತಯಾರಿ ಹೈಸ್ಕೂಲಿನಲ್ಲೇ ಆಗಬೇಕು. ಅದಕ್ಕೇ ಹೈಸ್ಕೂಲಿಗೆ ಬನ್ನಿ ಅಂತ ಇಷ್ಟು ಸಲ ಹೇಳುತ್ತಿದ್ದೇನೆ.

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಇಂಥ ಮಕ್ಕಳು ಸಾಮಾನ್ಯ ಶಾಲೆಯಲ್ಲೇ ಎಲ್ಲರ ಜೊತೆ ಕಲಿಯಬೇಕು ಅಂತ ಹೇಳಿದರು. 2006ರಲ್ಲಿ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಪ್ಪಂದ ಅದನ್ನು ಹಕ್ಕು ಅಂತಲೇ ಬರೆಯಿತು. ಹಕ್ಕು ಕಾಗದದಿಂದ ಕ್ಲಾಸಿಗೆ ಬರಬೇಕಾದರೆ ಜನ ಬೇಕು.

ತರಬೇತಿಗೆ ಸೇರುವ ಮುಂಚೆ ಎರಡು ಕೆಲಸ ಮಾಡಿ. ಹೈಸ್ಕೂಲಿನ ಒಬ್ಬ ವಿಶೇಷ ಶಿಕ್ಷಕರ ಜೊತೆ, ಅವರ ಒಪ್ಪಿಗೆ ಪಡೆದು, ಒಂದು ವಾರ ಕ್ಲಾಸಿನಲ್ಲಿ ಕೂತು ನೋಡಿ. ಆಮೇಲೆ ಕೋರ್ಸ್ ನಡೆಸುವವರನ್ನು ನೇರವಾಗಿ ಕೇಳಿ. ಪಾಠ ಮಾಡುವ ಅಭ್ಯಾಸಕ್ಕೆ ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ, ಹೈಸ್ಕೂಲಿಗೆ ಎಷ್ಟು ವಾರ? ಪ್ರೈಮರಿಗೆ ಮಾತ್ರ ಅಂದರೆ, ಹೈಸ್ಕೂಲಿಗೂ ಕಳಿಸಿ ಅಂತ ಪಟ್ಟು ಹಿಡಿಯಿರಿ.

ನಮಸ್ಕಾರ.