ಮೊದಲು ಅಡಿ, ಆಮೇಲೆ ವ್ಯಾಟ್

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್‌ಗೆ ಸ್ಪೀಕರ್ ತರಬೇಕು ಅಂತ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕುರ್ಚಿಯಲ್ಲಿ ಎಂದಿನಂತೆ ಕೂತು, ಕಿವಿಯಿಂದ ಮಾನಿಟರಿನ ಪಕ್ಕದ ಜಾಗಕ್ಕೆ ಎಷ್ಟು ದೂರ ಅಂತ ಟೇಪು ಹಿಡಿದು ಅಳೆಯಿರಿ. ಎರಡೂವರೆ ಅಡಿ ಬರುತ್ತದೆ, ಹೆಚ್ಚೆಂದರೆ ಮೂರಡಿ. ನೀವು ಕೊಳ್ಳುತ್ತಿರುವುದು ಮದುವೆ ಛತ್ರಕ್ಕಲ್ಲ, ಈ ಮೂರಡಿಗೆ. ಇದೊಂದು ನೆನಪಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಳೆಯುತ್ತದೆ.

ಬೆಂಗಳೂರಿನ ಪುರಭವನದ ಕಡೆಯಿಂದ ಎಸ್.ಪಿ. ರೋಡಿಗೆ ಹೊಕ್ಕರೆ ಸ್ಪೀಕರ್ ಪೆಟ್ಟಿಗೆಗಳ ರಾಶಿ. ಕೆಲವದರ ಮೇಲೆ ಸಾವಿರಾರು ವ್ಯಾಟ್, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿ.ಎಂ.ಪಿ.ಓ., ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ, ಅಂತ ಬರೆದಿರುತ್ತದೆ. ಆ ಅಂಕಿಯನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. ಆರ್.ಎಂ.ಎಸ್. ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟು ಅಂತ ಕೇಳಿ. ಸಾಧಾರಣ ಸಣ್ಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 80ರಿಂದ 85 ಡೆಸಿಬೆಲ್ ಸದ್ದು ಬರುತ್ತದೆ. ಡೆಸಿಬೆಲ್ ಅಂದರೆ ಸದ್ದಿನ ಜೋರಿನ ಅಳತೆ. ಇಬ್ಬರು ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. 10 ವ್ಯಾಟಿನದು ಬಿಟ್ಟು 20 ವ್ಯಾಟಿನದು ತಂದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟಾಗಬೇಕು.

ಯು.ಎಸ್.ಬಿ. ತಂತಿಯಿಂದಲೇ ಕರೆಂಟು ಪಡೆಯುವ ಸ್ಪೀಕರುಗಳಿಗೂ ಒಂದು ಲೆಕ್ಕ ಇದೆ. ಹಳೆಯ ಯು.ಎಸ್.ಬಿ. ಕಿಂಡಿ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಅಂದರೆ ಎರಡೂವರೆ ವ್ಯಾಟ್. ಆ ತಂತಿಯ ಮೇಲೆ ನಿಂತು ಹತ್ತು ವ್ಯಾಟ್ ಅಂತ ಹೇಳಿಕೊಂಡರೆ ನಂಬಬೇಡಿ. ಪಾಠ, ಸುದ್ದಿ, ಮೀಟಿಂಗಿಗೆ ಇವು ಸಾಕು. ಸಂಗೀತಕ್ಕಾದರೆ ಗೋಡೆಯ ಪ್ಲಗ್ಗಿಗೆ ಹಾಕುವ, ಮೂರು ಅಥವಾ ನಾಲ್ಕು ಇಂಚಿನ ಕೋನಿನ (ಕಂಪಿಸಿ ಸದ್ದು ಮಾಡುವ ಭಾಗ) ಜೊತೆ ಮೇಲಿನ ಸ್ವರಕ್ಕೆಂದೇ ಪ್ರತ್ಯೇಕ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಇರುವ ಜೋಡಿಯನ್ನೇ ನೋಡಿ. ಬ್ಲೂಟೂತ್ ಇದ್ದರೆ ಇರಲಿ, ತಂತಿಯ ಕಿಂಡಿಯೂ ಇರಲೇಬೇಕು. ಬ್ಲೂಟೂತಿನಲ್ಲಿ ಸದ್ದು ತಡವಾಗಿ ಬಂದು, ವಿಡಿಯೋ ಎಡಿಟ್ ಮಾಡುವವರಿಗೂ ಆಟ ಆಡುವವರಿಗೂ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಎರಡು ಸಣ್ಣ ಡಬ್ಬಿ, ತಗ್ಗಿನ ಸದ್ದಿಗೆಂದೇ ಒಂದು ದೊಡ್ಡ ಸಬ್‌ವೂಫರ್ ಇರುವ ಟೂ ಪಾಯಿಂಟ್ ಒನ್ ಸೆಟ್ಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಂಗಡಿಯಲ್ಲಿ ಬೇಗ ಮನಸ್ಸಿಗೆ ಹಿಡಿಸುವುದು ಇದೇ, ಎದೆಗೆ ತಾಗುವ ಧಂ ಅನ್ನುವ ಸದ್ದಿನಿಂದ. ಗಂಡಸರ ದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ನಡುವೆ ಇರುತ್ತದೆ. ಅಗ್ಗದ ಸೆಟ್ಟಿನ ಪುಟ್ಟ ಡಬ್ಬಿಗಳಿಗೆ ಆ ಭಾಗ ಕೈಗೆಟುಕುವುದಿಲ್ಲ, ಹಾಗಾಗಿ ಅದನ್ನು ಸಬ್‌ವೂಫರಿಗೆ ದಾಟಿಸಿರುತ್ತಾರೆ. ಆಗ ಸುದ್ದಿ ಓದುವವರ ಅರ್ಧ ದನಿ ಪರದೆಯ ಪಕ್ಕದಿಂದ, ಇನ್ನರ್ಧ ಮೇಜಿನ ಕೆಳಗಿಂದ. ಜೊತೆಗೆ ಅಪಾರ್ಟ್‌ಮೆಂಟಿನಲ್ಲಿ ನೆಲಕ್ಕಿಟ್ಟ ಸಬ್‌ವೂಫರಿನ ತಗ್ಗಿನ ನಾದ ಕಾಂಕ್ರೀಟಿಗೆ ಇಳಿದು ಕೆಳಮನೆಯವರ ಚಾವಣಿಯಲ್ಲಿ ಕೇಳುತ್ತದೆ. ರಾತ್ರಿ ಹೊತ್ತು ಇದು ಬರೀ ಅವರ ಸಹನೆಯ ಪ್ರಶ್ನೆಯಲ್ಲ, ಅವರ ನಿದ್ದೆಯದು.

ಈಗ ಕೇಳಿ ಪರೀಕ್ಷೆ ಮಾಡುವ ಬಗೆ. ಅಂಗಡಿಯವರು ಹಾಕುವ ಹಾಡು ಬೇಡ. ನಿಮಗೆ ಬಾಯಿಪಾಠವಾಗಿರುವುದನ್ನೇ ಫೋನಿನಲ್ಲೋ ಪೆನ್‌ಡ್ರೈವಿನಲ್ಲೋ ಒಯ್ಯಿರಿ. ಮೊದಲು ಬರೀ ಮಾತು. ನಾನೀಗ ಎರಡು ಪದ ಹೇಳುತ್ತೇನೆ: ಸಾಲು. ಶಾಲು. ಮತ್ತೊಮ್ಮೆ: ಸಾಲು, ಶಾಲು. ಇವೆರಡನ್ನು ಬೇರೆ ಮಾಡುವುದು ನಾಲಿಗೆಯ ತುದಿಯ ಆ ಸುಯ್ ಅನ್ನುವ ಸದ್ದು. ಅದಿರುವುದು ಕೆಲವು ಸಾವಿರ ಹರ್ಟ್ಸ್ ಎತ್ತರದಲ್ಲಿ. ಮೇಲಿನ ಸ್ವರ ಮಸುಕಾದ ಸ್ಪೀಕರಿನಲ್ಲಿ ಇವೆರಡೂ ಒಂದರ ಹತ್ತಿರ ಒಂದು ಬಂದುಬಿಡುತ್ತವೆ. ಕೃತಕವಾಗಿ ಮೇಲಿನ ಸ್ವರ ಏರಿಸಿದ್ದರಲ್ಲಿ ಪ್ರತಿ 'ಸ'ಕಾರವೂ ಕಿವಿಗೆ ಸೂಜಿ ಚುಚ್ಚುತ್ತದೆ. ಎರಡನೆಯದು ಮೊದಮೊದಲು ಸ್ಪಷ್ಟ ಅನ್ನಿಸಿ ಮೋಸ ಮಾಡುತ್ತದೆ, ಅರ್ಧ ಗಂಟೆಯಲ್ಲಿ ತಲೆ ನೋಯಿಸುತ್ತದೆ. ಆಮೇಲೆ ಮೃದಂಗ ಇರುವ ಕಛೇರಿಯ ತುಣುಕು ಹಾಕಿ. ಎಡಗೈ ಬಡಿತ ಎದ್ದು, ನಿಂತು, ಮುಗಿಯಬೇಕು. ಪ್ರತಿ ಬಡಿತಕ್ಕೂ ಒಂದೇ ಶ್ರುತಿಯಲ್ಲಿ ಗುಂಯ್ ಅಂತ ಎಳೆದರೆ ಅದು ಮೃದಂಗವಲ್ಲ, ಡಬ್ಬಿಯ ಸದ್ದು.

ಕೊನೆಗೆ ವಾಲ್ಯೂಮ್ ಗುಂಡಿಯನ್ನು ಪೂರ್ತಿ ಇಳಿಸಿ, ಕೂದಲೆಳೆಯಷ್ಟು ಏರಿಸಿ. ಅಗ್ಗದ ಗುಂಡಿಗಳಲ್ಲಿ ಆರಂಭದಲ್ಲಿ ಒಂದೇ ಕಡೆಯ ಸ್ಪೀಕರ್ ಮಾತಾಡುತ್ತದೆ, ಇನ್ನೊಂದು ಎಷ್ಟೋ ಹೊತ್ತಿಗೆ ಎಚ್ಚರಗೊಳ್ಳುತ್ತದೆ. ಮಕ್ಕಳು ಮಲಗಿದ ಮೇಲೆ ಕೇಳುವವರಿಗೆ ದಿನಾ ಕಾಡುವ ದೋಷ ಇದು. ಎರಡು ಡಬ್ಬಿಗಳ ನಡುವಿನ ತಂತಿ ಬಿಚ್ಚಿ ಹಾಕುವಂಥದ್ದೋ, ಒಳಗೇ ಬೆಸೆದದ್ದೋ ಅಂತಲೂ ನೋಡಿ. ಬೆಸೆದ ತಂತಿ ಬುಡದಲ್ಲಿ ಮುರಿದರೆ ಡಬ್ಬಿ ಬಿಚ್ಚದೆ ರಿಪೇರಿ ಇಲ್ಲ. ದೊಡ್ಡ ಮಾನಿಟರ್ ಇದ್ದರೆ ಆ ತಂತಿಯ ಉದ್ದವೂ ಸಾಲದೆ ಹೋಗಬಹುದು.

ಮನೆಗೆ ತಂದ ಮೇಲೆ ಇಡುವ ಜಾಗ. ನಿಮ್ಮ ತಲೆ ಒಂದು ಮೂಲೆ, ಎರಡು ಸ್ಪೀಕರ್ ಇನ್ನೆರಡು ಮೂಲೆ. ಮೂರು ಬದಿಯೂ ಸಮ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಕೆಳಗೆ ದಪ್ಪ ಪುಸ್ತಕವೋ ಮರದ ತುಂಡೋ ಇಟ್ಟು ಎತ್ತಿ, ಅದರ ಮೇಲೊಂದು ಹಳೇ ಮೌಸ್ ಪ್ಯಾಡ್ ಹಾಸಿ, ಮೇಜು ನಡುಗುವುದು ನಿಲ್ಲುತ್ತದೆ. ಹಿಂದೆ ತೂತಿರುವ ಡಬ್ಬಿಯನ್ನು ಗೋಡೆಗೆ ಒತ್ತಬೇಡಿ, ಅರ್ಧ ಅಡಿಯಾದರೂ ಬಿಡಿ. ಕೋಣೆಯ ಮೂಲೆಗೆ ತಳ್ಳಿದರೆ ತಗ್ಗಿನ ಸದ್ದು ಉಬ್ಬಿ ಮಾತು ಮುಳುಗುತ್ತದೆ.

ಗುಂಯ್ ಅನ್ನುವ ಹಮ್ಮಿಂಗ್ ಬಂತು ಅಂತ ಹಲವರು ಒಳ್ಳೆಯ ಸ್ಪೀಕರನ್ನೇ ವಾಪಸು ಕೊಡುತ್ತಾರೆ. ಹಾಗೆ ಕೊಡುವ ಮುಂಚೆ ಆಡಿಯೋ ಪಿನ್ನನ್ನು ಕಂಪ್ಯೂಟರಿನಿಂದಲೂ ಸ್ಪೀಕರಿನಿಂದಲೂ ಕಿತ್ತು ಬರೀ ಸ್ಪೀಕರ್ ಆನ್ ಮಾಡಿ. ಸದ್ದು ಹೋಯಿತೇ, ಸ್ಪೀಕರಿನ ತಪ್ಪಲ್ಲ. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದಾಗ ಎರಡು ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿದ್ದು, ಆಡಿಯೋ ತಂತಿಯ ಕವಚದಲ್ಲೇ ಕರೆಂಟು ಹರಿಯುತ್ತದೆ. ನಮ್ಮ ಮನೆಯ ಸರಬರಾಜು 50 ಹರ್ಟ್ಸ್‌ನದು, ಆ ಶ್ರುತಿಯೇ ಕಿವಿಗೆ ಬೀಳುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಬೆರಳುದ್ದದ ಭಾಗ ಸಿಗುತ್ತದೆ, ತಂತಿಯ ನಡುವೆ ಸೇರಿಸಬೇಕು. ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯಬೇಡಿ, ದಯವಿಟ್ಟು. ಅದು ಶಾಕ್‌ನಿಂದ ಕಾಯುವ ಪಿನ್ನು.

ಪಿನ್ ಕಿತ್ತ ಮೇಲೂ ಗುಂಯ್ ನಿಲ್ಲದಿದ್ದರೆ ದೋಷ ಒಳಗಿದೆ. ಹಳೆಯ ಸೆಟ್ಟಿನಲ್ಲಿ ಬಹಳ ಸಲ ಕರೆಂಟಿನ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತದೆ, ತಲೆ ಉಬ್ಬಿರುತ್ತದೆ. ಬೆಸುಗೆ ಬಲ್ಲವರಿಂದ ಅಷ್ಟೇ ಮೈಕ್ರೋಫ್ಯಾರಡಿನ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರುವ ಹೊಸದನ್ನು ಹಾಕಿಸಿದರೆ ಸೆಟ್ಟು ಮತ್ತೆ ವರ್ಷಗಟ್ಟಲೆ ಓಡುತ್ತದೆ.

ಮೌಸ್ ಅಲುಗಿಸಿದಾಗ ಚಿರ್ ಅನ್ನುವ ಸದ್ದು ಬೇರೆ. ಅದು ಮುಂದಿನ ಕಿಂಡಿಯ ತಂತಿ ಕ್ಯಾಬಿನೆಟ್ಟಿನೊಳಗೆ ಹೀರಿಕೊಂಡ ಗಲಾಟೆ. ಹಿಂದಿನ ಹಸಿರು ಕಿಂಡಿಗೆ ಹಾಕಿ. ಕಂಪ್ಯೂಟರಿನ ವಾಲ್ಯೂಮ್ 80ರ ಮೇಲಿಟ್ಟು, ಹೆಚ್ಚುಕಡಿಮೆ ಮಾಡುವುದನ್ನು ಸ್ಪೀಕರಿನ ಗುಂಡಿಯಲ್ಲೇ ಮಾಡಿ. ಆನ್ ಮಾಡುವಾಗ ಕಂಪ್ಯೂಟರ್ ಮೊದಲು, ಸ್ಪೀಕರ್ ಕೊನೆಗೆ. ಆರಿಸುವಾಗ ಸ್ಪೀಕರ್ ಮೊದಲು. ಕೋನಿಗೆ ಬೀಳುವ ಆ ಠಪ್ ಅನ್ನುವ ಏಟು ಇದರಿಂದ ತಪ್ಪುತ್ತದೆ.

ನಮಸ್ಕಾರ.