ಆ್ಯಪ್‌ನ ಅಂಕಿಗಳಿಗೊಂದು ಪುಟ್ಟ ಸರ್ವರ್

ಕೇಳುಗರಿಗೆ ನಮಸ್ಕಾರ.

ನಿಮ್ಮದೊಂದು ಚಿಕ್ಕ ಆ್ಯಪ್ ಇದೆ ಅಂದುಕೊಳ್ಳಿ. ನಿನ್ನೆ ಸಂಜೆ ತುಂಬಾ ನಿಧಾನವಾಗಿತ್ತು ಎಂದು ಗ್ರಾಹಕರು ಇವತ್ತು ಹೇಳುತ್ತಾರೆ. ಆ ಹೊತ್ತಿಗೆ ಎಷ್ಟು ಜನ ಬಂದಿದ್ದರು? ಮೆಮೊರಿ ಎಷ್ಟು ತುಂಬಿತ್ತು? ಆಗಲೇ ಬರೆದಿಟ್ಟಿರದಿದ್ದರೆ ಈಗ ಯಾರೂ ಹೇಳಲಾರರು. ಅದನ್ನು ಬರೆದಿಡಲು ಒಂದು ಸಣ್ಣ ಸರ್ವರ್ ಸಾಕು.

ನಾನು ಹೇಳುವುದು ಪ್ರೊಮೀಥಿಯಸ್ ಬಗ್ಗೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ. ಕರೆಂಟ್ ಮೀಟರ್ ನೋಡುವವರು ಮನೆಮನೆಗೆ ಬರುವ ಹಾಗೆ, ಇದೇ ಒಂದೊಂದು ಆ್ಯಪ್ ಹತ್ತಿರ ಹೋಗಿ ಅಂಕಿ ಓದಿಕೊಂಡು ಬರುತ್ತದೆ. ಹೋದಾಗ ಉತ್ತರವೇ ಬರದಿದ್ದರೆ ‘ಅಪ್’ ಎಂಬ ಲೆಕ್ಕದಲ್ಲಿ ಸೊನ್ನೆ ಬೀಳುತ್ತದೆ. ನಮಗೆ ಮೊದಲು ಬೇಕಾದ ಸುದ್ದಿ ಅದೇ ಅಲ್ವಾ? ಅದಕ್ಕೇ ಈ ಸರ್ವರನ್ನು ಬೇರೆ ಯಂತ್ರದಲ್ಲಿಡಿ. ಆ್ಯಪ್ ಇರುವಲ್ಲೇ ಇಟ್ಟರೆ, ಆ ಯಂತ್ರ ಕೆಟ್ಟಾಗ ಎರಡೂ ಒಟ್ಟಿಗೆ ನಿಂತುಹೋಗುತ್ತವೆ.

ಜಾಗ ಸಾಲದು ಎಂಬ ಭಯ ಬೇಡ. ಐದು ಯಂತ್ರ, ಒಂದೊಂದರಲ್ಲೂ ಸಾವಿರ ಬಗೆಯ ಅಂಕಿ, 15 ಸೆಕೆಂಡಿಗೊಮ್ಮೆ ಓದು ಎಂದಿಟ್ಟುಕೊಳ್ಳಿ. ದಿನಕ್ಕೆ 2 ಕೋಟಿ 88 ಲಕ್ಷ ಅಂಕಿಗಳಾದವು. ಒಂದಕ್ಕೆ ಸರಾಸರಿ ಒಂದೆರಡು ಬೈಟ್ ಸಾಕು. ಎರಡು ಅಂತಲೇ ಹಿಡಿದರೂ ದಿನಕ್ಕೆ 60 ಎಂಬಿ ದಾಟದು. ಬೇರೆ ಏನೂ ಹೇಳದಿದ್ದರೆ 15 ದಿನದ್ದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ. ವರ್ಷವಿಡೀ ಇಟ್ಟರೂ ಸುಮಾರು 21 ಜಿಬಿ ಅಷ್ಟೇ.

ತೊಂದರೆ ಶುರುವಾಗುವುದು ಲೇಬಲ್‌ಗಳಿಂದ. ಯಾವ ಪುಟ, ಯಾವ ಯಂತ್ರ ಎಂದು ಅಂಕಿಗೆ ಲೇಬಲ್ ಹಚ್ಚುತ್ತೇವೆ. ಲೇಬಲ್ ಬದಲಾದಂತೆ ಅಂಕಿಗಳ ಹೊಸದೊಂದು ಸಾಲು ಹುಟ್ಟುತ್ತದೆ. ಹತ್ತು ಪುಟಕ್ಕೆ ಹತ್ತು ಸಾಲು, ಚಿಂತೆಯಿಲ್ಲ. ಅದರ ಜೊತೆ ಬಳಕೆದಾರರ ಫೋನ್ ನಂಬರನ್ನೂ ಹಚ್ಚಿದಿರೋ, ಲಕ್ಷ ಜನಕ್ಕೆ ಹತ್ತು ಲಕ್ಷ ಸಾಲು ಆಗಬಹುದು! ಡಿಸ್ಕ್ ಖಾಲಿ ಇದ್ದರೂ ಮೆಮೊರಿ ಸಾಲದೆ ಸಣ್ಣ ಸರ್ವರ್ ಕುಸಿಯುತ್ತದೆ. ಮೇಲಾಗಿ ಜನರ ನಂಬರ್ ಅಲ್ಲಿ ಸುಮ್ನೆ ಬಿದ್ದಿರುವುದು ಸರಿಯಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೊಮೀಥಿಯಸ್‌ಗೆ ಹೋಗುವ ಬಾಗಿಲಿನಂತಿರುವ ಪೋರ್ಟ್ 9090 ಅನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡಲೂ ಬೇಡಿ. ನೀವಾಗಿ ಹಾಕದ ಹೊರತು ಅದಕ್ಕೆ ಪಾಸ್‌ವರ್ಡ್ ಇರುವುದಿಲ್ಲ.

ಮೊದಲಿಗೆ ಮೂರನ್ನೇ ಅಳೆಯಿರಿ: ಎಷ್ಟು ಕೋರಿಕೆ ಬಂತು, ಎಷ್ಟು ಕೆಟ್ಟವು, ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು. ಹೊತ್ತಿನ ಲೆಕ್ಕದಲ್ಲಿ ಸರಾಸರಿಯನ್ನು ಜಾಸ್ತಿ ನಂಬಬೇಡಿ. ಸರಾಸರಿ ಒಂದು ಸೆಕೆಂಡ್ ಇದ್ದಾಗಲೂ ನೂರರಲ್ಲಿ ಐವರು ಹತ್ತು ಸೆಕೆಂಡ್ ಕಾದಿರಬಹುದು. ಆ ಐವರೂ ಕಾಣಬೇಕಾದರೆ ಹಿಸ್ಟೋಗ್ರಾಮ್ ಬಳಸಿ, ಅಂದರೆ ಎಷ್ಟು ಹೊತ್ತಿನೊಳಗೆ ಎಷ್ಟು ಕೋರಿಕೆ ಮುಗಿದವು ಎಂದು ವಿಂಗಡಿಸಿ ಎಣಿಸುವ ಲೆಕ್ಕ. ನಮಸ್ಕಾರ.