ಮುಳ್ಳಿನ ನಿಂಬೆ, ಅವಸರದ ಗಿಡ

ಕೇಳುಗರೆ, ನಮಸ್ಕಾರ. ಗಿಡ ಆಳೆತ್ತರ ಬೆಳೆದಿದೆ, ಮೈತುಂಬ ಮುಳ್ಳು, ಹೂವಿನ ಸುಳಿವೇ ಇಲ್ಲ. ಹಿತ್ತಲಿನಲ್ಲಿ ನಿಂಬೆ ಕುಲದ ಗಿಡ ನೆಟ್ಟವರಿಂದ ನಾನು ಪದೇ ಪದೇ ಕೇಳುವ ದೂರು ಇದು.

ಬೀಜದಿಂದ ಹುಟ್ಟಿದ ಗಿಡವಾದರೆ ಅದಕ್ಕೆ ಇನ್ನೂ ಪ್ರಾಯ ಬಂದಿಲ್ಲ, ಅಷ್ಟೆ. ಎಲೆಯ ಕಂಕುಳಿನ ಪುಟ್ಟ ಚಿಗುರೇ ಮೊನೆಗಟ್ಟಿ ಮುಳ್ಳಾಗುತ್ತದೆ. ಗಿಡ ಬಲಿತಂತೆ ಮೇಲಿನ ಕೊಂಬೆಗಳಲ್ಲಿ ಮುಳ್ಳು ಗಿಡ್ಡವಾಗುತ್ತದೆ, ಆಮೇಲೆ ಹೂವು. ಸಣ್ಣ ನಿಂಬೆಗೆ 4-5 ವರ್ಷ ಸಾಕಾದೀತು. ಕಿತ್ತಳೆ, ಚಕ್ಕೋತಗಳು ಕಾಯಿ ಬಿಡುವ ಮೊದಲು 7-8 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಿಸುತ್ತವೆ. ಬೇಸತ್ತು ಅರ್ಧಕ್ಕೆ ಕತ್ತರಿಸಿದಿರೋ, ಕೆಳಗಿನಿಂದ ಏಳುವ ಚಿಗುರು ಮತ್ತೆ ಮುಳ್ಳಿನ ಮಗುವೇ.

ಅವಸರವಿದ್ದವರು ಕಸಿ ಗಿಡ ತರಬೇಕು. ಕಸಿಗೆ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕೊಟ್ಟ ಕೊಂಬೆ ಆಗಲೇ ಬಲಿತದ್ದಾದ್ದರಿಂದ 2-3 ವರ್ಷಗಳಲ್ಲಿ ಫಲ ಸಿಗುತ್ತದೆ. ಲೆಮನ್ ತಳಿಗಳಲ್ಲಿ ಲಿಸ್ಬನ್ ಭರದಿಂದ ಬೆಳೆಯುತ್ತದೆ, ಮುಳ್ಳೂ ಜಾಸ್ತಿ. ಯುರೇಕಾದಲ್ಲಿ ಮುಳ್ಳು ಕಡಿಮೆ. ಮಕ್ಕಳು ಓಡಾಡುವ ಜಾಗಕ್ಕೆ ನನ್ನ ಮತ ಯುರೇಕಾಕ್ಕೆ, ಬೇಲಿಯ ಅಂಚಿಗೆ ಲಿಸ್ಬನ್ ಇರಲಿ.

ಕಸಿ ಗಿಡದಲ್ಲಿಯೂ ಮೋಸ ಹೋಗಬಹುದು. ನಾನೇ ಹೋಗಿದ್ದೇನೆ. ನನ್ನ ಕಿತ್ತಳೆಯ ಬುಡದಿಂದ ಎದ್ದ ಚಿಗುರೊಂದು ಸರಸರನೆ ಎದೆಯೆತ್ತರಕ್ಕೆ ಏರಿತು. ನಾನು ಹಾಕಿದ ಗೊಬ್ಬರದ ಮಹಿಮೆ ಎಂದು ಬೀಗಿದೆ. ಉದ್ದುದ್ದ ಮುಳ್ಳು, ಒಂದೊಂದು ತೊಟ್ಟಿಗೆ ಮೂರು ಕಿರುಎಲೆ. ಕಿತ್ತಳೆಯ ಎಲೆ ಹಾಗಿರುವುದಿಲ್ಲವೆಂದು ಹೊಳೆಯಲೇ ಇಲ್ಲ! ಅದು ಕಸಿ ಕಟ್ಟಲು ಬಳಸಿದ ಬೇರುಸಸಿ, ಅಂದರೆ ಕಣ್ಣು ಕೂರಿಸಿದ ಕೆಳಗಿನ ಗಿಡ. ಹೆಸರು ಮೂರೆಲೆಯ ಕಿತ್ತಳೆ. ಅದರ ಹಣ್ಣು ಬಾಯಿಗಿಡಲಾಗದಷ್ಟು ಹುಳಿ, ಕಹಿ. ಎರಡು ವರ್ಷ ಅದಕ್ಕೆ ನೀರೆರೆದೆ, ಅಷ್ಟರಲ್ಲಿ ನಿಜವಾದ ಕಿತ್ತಳೆ ಸೊರಗಿ ಒಣಗಿತು.

ನೆಡುವಾಗ ಕಸಿಯ ಗಂಟು, ಎರಡು ಗಿಡ ಕೂಡಿದ ಜಾಗ, ಮಣ್ಣಿಗಿಂತ ಒಂದು ಗೇಣು ಮೇಲಿರಲಿ. ಬುಡದಲ್ಲಿ ನೀರು ನಿಂತರೆ ತೊಗಟೆ ಕೊಳೆತು ಅಂಟು ಸುರಿಯುತ್ತದೆ. ಎಳೆ ಎಲೆಗಳ ಮೇಲೆ ರಂಗೋಲಿ ಹುಳು ಗೆರೆ ಎಳೆದರೆ ಗಾಬರಿ ಬೇಡ, ದೊಡ್ಡ ಗಿಡ ತಾಳಿಕೊಳ್ಳುತ್ತದೆ. ಕಜ್ಜಿ ರೋಗದ ವಿಷಯ ಬೇರೆ. ಗಾಳಿಗೆ ಮುಳ್ಳು ತಾಗಿ ಎಲೆ, ಕಾಯಿಗಳಲ್ಲಿ ಆದ ಗಾಯದಿಂದಲೂ ಅದರ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. ಕೈಗೆಟಕುವ ಮುಳ್ಳುಗಳ ಮೊನೆಯನ್ನು ಕತ್ತರಿಸಿದರೆ ಗಿಡಕ್ಕೇನೂ ನೋವಿಲ್ಲ.

ಈಗ ನನ್ನ ಹಿತ್ತಲಿನಲ್ಲಿ ಇನ್ನೊಂದು ಕಸಿ ಗಿಡವಿದೆ. ಗಂಟಿನ ಕೆಳಗೆ ಹಸಿರು ಚುಕ್ಕೆ ಕಂಡರೆ ಸಾಕು, ಅಲ್ಲೇ ಕುಕ್ಕರಿಸಿ ಉಗುರಿನಿಂದ ಚಿವುಟುತ್ತೇನೆ. ನಮಸ್ಕಾರ.